ಹ್ಯಾಂಗರಿನ ಪೊರಕೆ

ಮಾರ್ಚ್ ೪, ಬೆಳಗ್ಗೆ

ಆರೂವರೆಗೇ ಶುರು. ಕಿಟಕಿಯ ಗಾಜು ನಡುಗಿತು, ತಟ್ಟೆ ನಡುಗಿತು. ನಾನು ನಡುಗಲಿಲ್ಲ — ಅಭ್ಯಾಸ. ಹಳದಿ ರೆಕ್ಕೆಯ ಆ ಪುಟ್ಟ ವಿಮಾನ ನಮ್ಮ ತಾರಸಿಯನ್ನು ಸವರಿಕೊಂಡೇ ಹೋಗುತ್ತದೆ. ಬೀದಿ ಮುಗಿದಲ್ಲಿ ತಂತಿಬೇಲಿ, ಬೇಲಿಯಾಚೆ ರನ್‌ವೇ. ಅಲ್ಲಿ ಏರುವವರು, ಇಳಿಯುವವರು ಎಲ್ಲರೂ ಕಲಿಯುವವರು. ಹೊಸದಾಗಿ ಕತ್ತರಿ ಹಿಡಿದವನಿಗೆ ತಲೆ ಕೊಟ್ಟು ಕೂತಂತೆ ನಮ್ಮ ಬಡಾವಣೆ.

ಸಂಪಾದಕರು ಈ ಸಲವೂ ನನ್ನ ಪತ್ರವನ್ನು ಪತ್ರಿಕೆಯಲ್ಲಿ ಹಾಕಿಲ್ಲ. ಅದೇ ಪತ್ರಿಕೆಯಲ್ಲಿ ಕೂದಲು ನರೆಯುವವರೆಗೆ ಪ್ರೂಫ್ ತಿದ್ದಿದವಳು ನಾನು. ಮುಖಪುಟದಲ್ಲಿ ಮಂತ್ರಿ ಮಂತ್ರವಾದಿಯಾಗಿ ಅಚ್ಚಾಗುವುದನ್ನು ಕೊನೇ ಗಳಿಗೆಯಲ್ಲಿ ತಡೆದವಳು. ಈಗಿನ ಹುಡುಗರಿಗೆ ನಾನು ಬರೀ 'ಸದ್ದಿನಮ್ಮ'. ವಿಮಾನದ ಸದ್ದಿನ ಮೇಲೆ ಪತ್ರಿಕೆಗೂ ಬೇಲಿಯಾಚೆಯ ವಿಮಾನ ಶಾಲೆಗೂ ಅಷ್ಟು ದೂರು ಬರೆದಿದ್ದೇನೆ.

ತಮಾಷೆ ಎಂದರೆ, ತಂಗಿಯ ಮಗಳು ಅದೇ ಶಾಲೆಯಲ್ಲಿ ವಿಮಾನ ಕಲಿಯುತ್ತಾಳೆ, ನನ್ನ ಮನೆಯಲ್ಲಿ ಉಣ್ಣುತ್ತಾಳೆ. ತೊಟ್ಟಿಲಲ್ಲಿದ್ದಾಗಲೇ ಮೊಂಡಿ ಎಂದು ಹೆಸರು ಬಿತ್ತು. ಇಂದೂ ಬಗ್ಗಿ ಶೂ ಲೇಸು ಕಟ್ಟುತ್ತ ಕೇಳಿದಳು:

"ದೊಡ್ಡಮ್ಮಾ, ಇವತ್ತು ಯಾರ ಮೇಲೆ ಪತ್ರ?"

"ನಿಮ್ಮ ಮೇಲೇ."

"ಸ್ವಲ್ಪ ಖಾರ ಹಾಕು. ಹೋದ್ಸಲದ್ದು ಸಪ್ಪೆ ಇತ್ತು."

ಬೇಲಿಯಾಚೆ ನಾನು ಅವಳಿಗೆ ಯಾರೂ ಅಲ್ಲ. ಅದು ನಮ್ಮಿಬ್ಬರ ಒಪ್ಪಂದ. ಸದ್ದಿನಮ್ಮನ ಮನೆಯವಳು ಎಂದು ಗೊತ್ತಾದರೆ ಅಲ್ಲಿ ಬಾಳಲು ಬಿಡುವುದಿಲ್ಲವಂತೆ.

ಮಾರ್ಚ್ ೯

ಬೆಳಗ್ಗೆ — ಸದ್ದು ನಿಲ್ಲಬಾರದ ಕಡೆ ನಿಂತಿತು. ಮೊದಲು ಇಂಜಿನ್ನಿನ ಗೊಣಗು, ಆಮೇಲೆ ಧಡ್, ಸ್ವಲ್ಪ ಬಿಟ್ಟು ಮತ್ತೆ ಧಡ್, ಆಮೇಲೆ ತಗಡು ಹರಿದ ಹಾಗೆ ಒಂದು ಕಿರಿಚು. ಆಮೇಲೆ ಏನೂ ಇಲ್ಲ.

ಸ್ಲಿಪ್ಪರಿನಲ್ಲೇ ಓಡಿದೆ. ಒಂದು ಬಾಗಿಲ ಬಳಿಯೇ ಉಳಿಯಿತು. ಬೇಲಿಯ ತಂತಿ ಹಿಡಿದು ನೋಡಿದರೆ, ಹಳದಿ ವಿಮಾನ ಮೂಗು ನೆಲಕ್ಕೂರಿ ಬಾಲ ಮೇಲೆತ್ತಿ ನಿಂತಿದೆ, ತೊಟ್ಟಿಗೆ ಬಾಯಿ ಹಾಕಿದ ಕರುವಿನಂತೆ. ಮೊಂಡಿಯೂ ಅದನ್ನೇ ಹಾರಿಸುವುದು. ವಿಮಾನದ ಬಾಗಿಲು ತೆರೆಯುವ ತನಕ ತಂತಿ ಬಿಡಲಿಲ್ಲ.

ಹೊರಗೆ ಬಂದವನು ಒಬ್ಬ ಉದ್ದನೆಯ ಹುಡುಗ. ಹಣೆಯಿಂದ ರಕ್ತ.

ಅವಳಲ್ಲ! ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು. ಅವನೂ ಯಾರದೋ ಮನೆಯ ಮಗ.

ಮಾರ್ಚ್ ೧೦

ಐದು ಸಾಲಿನ ಸುದ್ದಿ, ಒಳಪುಟದಲ್ಲಿ, ಹಾಸಿಗೆ ಜಾಹೀರಾತಿನ ಪಕ್ಕ. 'ತರಬೇತಿ ವಿಮಾನಕ್ಕೆ ಅಲ್ಪ ಹಾನಿ. ವಿದ್ಯಾರ್ಥಿಯ ಅನುಭವದ ಕೊರತೆ ಕಾರಣ ಎಂದು ಶಾಲೆ ತಿಳಿಸಿದೆ.'

ಈ ವಾಕ್ಯ ನನಗೆ ಹಳೆಯ ನೆಂಟ. ನನ್ನ ಕೈಯಿಂದಲೇ ಎಷ್ಟು ಸಲ ದಾಟಿಹೋಗಿದೆ. ಬೇಕರಿಯವನ ಮಗಳು ರನ್‌ವೇ ಬಿಟ್ಟು ಚರಂಡಿಗೆ ಇಳಿದಾಗ — ಅನುಭವದ ಕೊರತೆ. ಚಕ್ರ ಮುರಿದು ಬೆನ್ನುಮೂಳೆಗೆ ಪೆಟ್ಟಾಗಿ ಓದೇ ಬಿಟ್ಟ ಹುಡುಗನಿಗೆ — ಅನುಭವದ ಕೊರತೆ. ಹಲ್ಲಿನ ಡಾಕ್ಟರ ಮಗ ಬೇಲಿ ಹರಿದುಕೊಂಡು ಹೊಲಕ್ಕೆ ಬಿದ್ದು ಸತ್ತಾಗಲೂ ಅದೇ. ಅವನ ತಾಯಿ ಈಗಲೂ ಈ ರಸ್ತೆಯ ಬಸ್ಸು ಹತ್ತುವುದಿಲ್ಲ, ಊರು ಸುತ್ತಿ ಹೋಗುತ್ತಾಳೆ.

ಕಲಿಯುವವನಿಗೆ ಅನುಭವ ಇರುವುದಿಲ್ಲ. ಇದ್ದಿದ್ದರೆ ಕಲಿಯಲು ಯಾಕೆ ಬರುತ್ತಿದ್ದ? ಈಜು ಬಾರದ್ದರಿಂದ ಮುಳುಗಿದ ಎಂದು ಈಜು ಕಲಿಸುವವನೇ ವರದಿ ಬರೆದಂತಾಯಿತು. ಕಾಮಾ ತಪ್ಪಿದರೆ ಕಿರಿಚುತ್ತಿದ್ದ ನಾನು ಈ ವಾಕ್ಯದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮೇಲಕ್ಕೆ ಕಳಿಸಬಹುದಿತ್ತು... ಇರಲಿ. ಈಗ ಹಾಕೋಣ.

ಮಾರ್ಚ್ ೧೪

ಮೊಂಡಿ ಆ ಹುಡುಗನನ್ನು ಊಟಕ್ಕೆ ಕರೆತಂದಳು. ಶಾಲೆಯಲ್ಲಿ ಅವನಿಗೆ 'ಉದ್ದ' ಎಂದೇ ಹೆಸರಂತೆ. ಹಣೆಗೆ ಹೊಲಿಗೆ, ಒಂದು ಕಣ್ಣು ಊದಿಕೊಂಡಿದೆ. ಬಾಗಿಲಲ್ಲಿ ನನ್ನನ್ನು ನೋಡಿ ಗಕ್ಕನೆ ನಿಂತ.

"ಲೇ, ಇವರು... ಸದ್ದಿನಮ್ಮ ಅಲ್ವಾ?"

"ನಮ್ಮ ದೊಡ್ಡಮ್ಮ. ಹೊರಗೆ ಬಾಯಿ ಬಿಟ್ಟರೆ ಇನ್ನೊಂದು ಕಣ್ಣೂ ಊದುತ್ತೆ ನೋಡು."

"ಅಯ್ಯೋ, ಇಲ್ಲಪ್ಪ. ನಮಸ್ಕಾರ ಆಂಟಿ. ನಿಮ್ಮ ಪತ್ರಗಳನ್ನ ಕ್ಯಾಂಟೀನಲ್ಲಿ ಜೋರಾಗಿ ಓದ್ತೀವಿ. ಚೆನ್ನಾಗಿರ್ತವೆ."

ಬಡಿಸುತ್ತ ಕೇಳಿದೆ, ಏನಾಯಿತೆಂದು. ಚಮಚ ಹಿಡಿದು ಮೇಜಿನ ಮೇಲೆ ತೋರಿಸಿದ. ವೇಗ ಸ್ವಲ್ಪ ಹೆಚ್ಚಿತ್ತು. ಚಕ್ರ ನೆಲ ಮುಟ್ಟಿ ಪುಟಿಯಿತು. ಗಾಬರಿಯಲ್ಲಿ ಮೂಗು ಕೆಳಗೊತ್ತಿದ, ಇನ್ನೂ ಜೋರಾಗಿ ಪುಟಿಯಿತು. ಮತ್ತೆ ಒತ್ತಿದ. ಮೂರನೇ ಸಲ ಮುಂದಿನ ಚಕ್ರ ಮುರಿಯಿತು. ಚಮಚ ಅನ್ನದಲ್ಲಿ ಹೂತುಕೊಂಡಿತು.

"ಮೊದಲನೇ ಸಲ ಪುಟಿದಾಗ ಮಾಡಬೇಕಾದ್ದೇನು?"

"ಗೋ-ಅರೌಂಡ್, ಆಂಟಿ. ಇಳಿಯೋದು ಬಿಟ್ಟು, ಇಂಜಿನ್ ಫುಲ್ ಕೊಟ್ಟು ಮೇಲೆ ಹೋಗ್ಬಿಡೋದು. ಒಂದು ಸುತ್ತು ಹಾಕ್ಕೊಂಡು ಸಮಾಧಾನವಾಗಿ ಮತ್ತೆ ಬರೋದು. ಮೊದಲನೇ ಪಾಠಾನೇ ಅದು."

"ಮತ್ತೆ ಯಾಕೆ ಹೋಗಲಿಲ್ಲ?"

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ನಕ್ಕಾಗ ಅವನಿಗೆ ಹೊಲಿಗೆ ಎಳೆಯಿತು.

"ಹೋಗಿದ್ದರೆ ಪೊರಕೆ, ಆಂಟಿ."

ಆಮೇಲೆ ಒಂದೊಂದಾಗಿ ಹೊರಬಿತ್ತು. ಕ್ಯಾಪ್ಟನ್ — ಅಲ್ಲಿನ ಮುಖ್ಯ ಗುರು — ಆಫೀಸಿನ ಬಾಗಿಲ ಹಿಂದೆ ಒಂದು ಪೊರಕೆ ಇಟ್ಟಿದ್ದಾನೆ. ಹಿಡಿಗೆ ಕೆಂಪು ರಿಬ್ಬನ್. ಒಂಟಿಯಾಗಿ ಹಾರುವಾಗ ಗೋ-ಅರೌಂಡ್ ಹೊಡೆದು ಬಂದವರು ಅದನ್ನು ಹಿಡಿದು ವಾರವಿಡೀ ಹ್ಯಾಂಗರ್ — ವಿಮಾನ ನಿಲ್ಲಿಸುವ ಶೆಡ್ಡು — ಗುಡಿಸಬೇಕು, ಎಲ್ಲರೂ ಚಹಾ ಕುಡಿಯುವ ಹೊತ್ತಿಗೆ, ಎಲ್ಲರ ಮುಂದೆ. 'ಪಟ್ಟಾಭಿಷೇಕ' ಎನ್ನುತ್ತಾರಂತೆ. ಕುಣಿಯಲಾರದವನಿಗೆ ನೆಲ ಡೊಂಕು ಎಂದು ಕ್ಯಾಪ್ಟನ್ ಹೇಳಿಕೊಡುತ್ತಾನೆ, ಉಳಿದವರು ಕೋರಸ್ ಹಾಡುತ್ತಾರೆ.

"ಪೊರಕೆ ಹಿಡಿಯೋದಕ್ಕಿಂತ ಹಣೆ ಒಡ್ಕೊಳ್ಳೋದು ವಾಸಿ ಅನ್ನಿಸ್ತೇನಪ್ಪ?"

"ಆ ಹೊತ್ತಲ್ಲಿ ಅನ್ನಿಸ್ಬಿಡುತ್ತೆ ಆಂಟಿ." ತಟ್ಟೆ ನೋಡುತ್ತ ಹೇಳಿದ. ಆಗ ನಗಲಿಲ್ಲ.

ಮೊಂಡಿಯ ಸೋಲೋ ಈ ತಿಂಗಳಲ್ಲೋ ಮುಂದಿನ ತಿಂಗಳಲ್ಲೋ. ಗುರು ಪಕ್ಕದಿಂದ ಇಳಿದು ಹೋಗುತ್ತಾನೆ. ಇವಳೊಬ್ಬಳೇ ಏರಿ, ಒಬ್ಬಳೇ ಇಳಿಯಬೇಕು.

ಮಾರ್ಚ್ ೧೬

ಹೋದೆ. ತಡೆಯಲಾಗಲಿಲ್ಲ.

ಕ್ಯಾಪ್ಟನ್ನನ್ನು ರಾಕ್ಷಸ ಎಂದುಕೊಂಡಿದ್ದೆ. ಎದ್ದು ನಿಂತು ಕುರ್ಚಿ ಕೊಟ್ಟ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಬಿಸಿಲಿಗೆ ಸುಟ್ಟ ಕುತ್ತಿಗೆ. ಆಫೀಸಿನ ಬಾಗಿಲು ತೆರೆದೇ ಇತ್ತು, ಹಿಂದೆ ಕೆಂಪು ರಿಬ್ಬನ್ನಿನ ತುದಿ ಇಣುಕುತ್ತಿತ್ತು.

"ನಿಮ್ಮ ಪತ್ರ ಒಂದೂ ಬಿಡಲ್ಲ ಮೇಡಂ. ಒಂದು ಅಕ್ಷರ ತಪ್ಪಿರಲ್ಲ. ಇವತ್ತು ಸದ್ದಿನ ವಿಷಯಾನಾ?"

"ಅಲ್ಲ. ಪೊರಕೆ ವಿಷಯ."

ಮುಖದಲ್ಲಿ ನಗು ಹಾಗೇ ಇತ್ತು, ಕಣ್ಣಲ್ಲಿ ಕಮ್ಮಿಯಾಯಿತು. "ಅದು ಹುಡುಗರ ತಮಾಷೆ, ಮೇಡಂ. ನಮ್ಮ ಕಾಲದಿಂದ ಬಂದಿದ್ದು. ನಾನೂ ಗುಡಿಸಿದ್ದೀನಿ."

"ಹಲ್ಲಿನ ಡಾಕ್ಟರ ಮಗ ಇದ್ದಾಗಲೂ ಇತ್ತಾ?"

ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಅದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ. ಅಲ್ನೋಡಿ, ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಹಾಕಿದ್ದೀನಿ — ಅನುಮಾನ ಬಂದರೆ ಮೇಲೆ ಹೋಗಿ ಅಂತ."

"ಓದಿದೆ. ಅಕ್ಷರ ತಪ್ಪಿಲ್ಲ. ಆದರೆ ನಿಯಮ ಗೋಡೆ ಮೇಲಿದೆ, ಪೊರಕೆ ಬಾಗಿಲ ಹಿಂದಿದೆ. ಮಕ್ಕಳು ಇಳಿಯುವಾಗ ಯಾವುದು ನೆನಪಾಗುತ್ತೆ ಕ್ಯಾಪ್ಟನ್ರೇ?"

"ನಾಚಿಕೆ ಇಲ್ಲದೆ ವಿದ್ಯೆ ಬರಲ್ಲ, ಮೇಡಂ. ಪುಕ್ಕಲರನ್ನ ತಯಾರು ಮಾಡಿ ಕಳಿಸಿದ್ರೆ ನಾಳೆ ನೂರಾರು ಜನರನ್ನ ಕೂರಿಸ್ಕೊಂಡು ಹಾರೋದು ಯಾರು?"

ಅಲ್ಲಿಗೆ ನನ್ನ ತಲೆ ಕೆಟ್ಟಿತು. "ಹಾಗಾದರೆ ನಮ್ಮ ಹುಡುಗಿ ಸೋಲೋ ಹೋದಾಗಲೂ—"

"ಯಾರು ನಿಮ್ಮ ಹುಡುಗಿ?"

ಬಾಯಿ ಮುಚ್ಚಿದೆ. ಕಣ್ಣು ಮುಚ್ಚಲಿಲ್ಲ. ಅದು ಬಾಗಿಲಾಚೆ ಚೀಲ ಹೆಗಲಿಗೇರಿಸಿ ನಿಂತವಳ ಮೇಲೆ ಹೋಯಿತು. ಕ್ಯಾಪ್ಟನ್ ನನ್ನ ಕಣ್ಣ ಹಿಂದೆಯೇ ತಿರುಗಿ ನೋಡಿದ. ಅವಳ ಸುತ್ತ ನಿಂತ ಹುಡುಗರೂ ನೋಡಿದರು. ಯಾರೋ ಹಲ್ಲ ಸಂದಿಯಲ್ಲಿ ವಿಮಾನದ ಸದ್ದು ಮಾಡಿದರು — ಬೂಂ...

ಆಡಿದ ಮಾತಿಗೆ ಎರಡನೇ ಪ್ರೂಫ್ ಇಲ್ಲ.

ಅದೇ ದಿನ, ಸಂಜೆ

ಬಂದಳು. ಚೀಲ ಇಳಿಸಲಿಲ್ಲ.

"ಬೇಡ ಅಂದಿದ್ದೆ ತಾನೆ."

"ನಿನ್ನ ಜೀವಕ್ಕೋಸ್ಕರ ಹೋದೆ ಕಣೇ."

"ಜೀವಕ್ಕೋಸ್ಕರ! ಈಗ ನಾನೇನಾದ್ರೂ ಗೋ-ಅರೌಂಡ್ ಹೊಡೆದ್ರೆ ಏನಂತಾರೆ ಗೊತ್ತಾ? ದೊಡ್ಡಮ್ಮ ಬಂದು ಮೊದಲೇ ರಜಾ ಚೀಟಿ ಕೊಟ್ಟು ಹೋಗಿದ್ದಳು ಅಂತಾರೆ. ಪೊರಕೆ ಒಂದು ವಾರದ್ದು. ಇದು ಕೊನೇವರೆಗೂ." ಬಾಗಿಲಿಗೆ ಒರಗಿದಳು. ಧ್ವನಿ ತಣ್ಣಗಿತ್ತು. "ಇನ್ನು ಸತ್ತರೂ ಮೇಲೆ ಹೋಗಲ್ಲ ನಾನು. ಹೇಗೇ ಬರಲಿ, ಮೊದಲನೇ ಸಲಕ್ಕೇ ಇಳಿಸ್ತೀನಿ."

ಕೋಣೆಯ ಬಾಗಿಲು ಹಾಕಿಕೊಂಡಳು.

'ಸತ್ತರೂ' — ಮಾತಿಗೆ ಅಂದದ್ದು. ಎಲ್ಲರೂ ಅನ್ನುತ್ತಾರೆ. ನಾನೂ ದಿನಕ್ಕೆ ಹತ್ತು ಸಲ ಅನ್ನುತ್ತೇನೆ.

ಮಾರ್ಚ್ ೨೬

ಬರೆಯಲಾಗಿರಲಿಲ್ಲ. ಬರೆಯಲು ಏನೂ ಇರಲಿಲ್ಲ. ಉಣ್ಣುತ್ತಾಳೆ, ಏಳುತ್ತಾಳೆ, ಹೋಗುತ್ತಾಳೆ. ಮನೆಯಲ್ಲಿ ಸದ್ದೇ ಇಲ್ಲ. ಇಷ್ಟು ವರ್ಷ ಬೇಡಿದ್ದು ಇದನ್ನೇ ತಾನೆ.

ತಂಗಿಗೆ ಫೋನು ಮಾಡಿದೆ. ಬಿಡಿಸು ಅವಳನ್ನ, ಸಾಕು ಈ ವಿದ್ಯೆ ಎಂದೆ. ಎಲ್ಲ ಕೇಳಿಸಿಕೊಂಡಳು. ಆಮೇಲೆ:

"ಅಕ್ಕಾ, ನಿನ್ನ ಮಾತು ಕೇಳಿ ನಾನು ಸೈಕಲ್ ಕೂಡ ಕಲೀಲಿಲ್ಲ. ಬಿದ್ದೀಯ, ಬಿದ್ದೀಯ ಅಂತ ಹಿಂದೆ ಓಡಿ ಬಂದು ಬಂದು ನೀನೇ ಬೀಳಿಸ್ತಿದ್ದೆ."

"ಇದು ಸೈಕಲ್ ಅಲ್ಲವೇ ತಾಯಿ."

"ಗೊತ್ತು. ನಂಗೂ ರಾತ್ರಿ ನಿದ್ದೆ ಬರಲ್ಲ. ಆದ್ರೆ ಅವಳನ್ನ ಬಿಡಿಸೋಕೆ ಆಗಲ್ಲ. ಅವಳ ದಾರಿಗೆ ಅಡ್ಡ ಏನಿದೆಯೋ ಅದನ್ನ ನಿನ್ನ ಕೈಲಾದ್ರೆ ಸರಿಸು. ಇಲ್ದಿದ್ರೆ ಸುಮ್ಮನಿರು."

ಚಿಕ್ಕವಳು. ಯಾವಾಗ ಇಷ್ಟು ದೊಡ್ಡವಳಾದಳೋ.

ಮಾರ್ಚ್ ೨೮

ಬೆಳಗ್ಗೆ ಮನೆಯ ಪೊರಕೆ ಹಿಡಿದು ಹೊರಟೆ. ಗೇಟಿನವನು ತಡೆಯಲಿಲ್ಲ. ಪತ್ರ ಹಿಡಿದು ಹೋದಾಗೆಲ್ಲ ತಡೆದವನು! ಪೊರಕೆ ಹಿಡಿದ ಮುದುಕಿಯನ್ನು ಜಗತ್ತಿನಲ್ಲಿ ಯಾರೂ ತಡೆಯುವುದಿಲ್ಲ — ಈ ವಯಸ್ಸಿನಲ್ಲಿ ಕಲಿತ ಹೊಸ ಪಾಠ.

ಆಫೀಸಿನ ಬಾಗಿಲ ಹಿಂದೆ ನನ್ನ ಪೊರಕೆ ಇಟ್ಟೆ. ಅವರದನ್ನು ತೆಗೆದುಕೊಂಡೆ. ಚಹಾದ ಹೊತ್ತಿಗೆ ಸರಿಯಾಗಿ ಗುಡಿಸಲು ಶುರುಮಾಡಿದೆ. ಹ್ಯಾಂಗರ್ ಎಂದರೆ ಮದುವೆ ಛತ್ರದಷ್ಟು ಅಗಲ. ನೆಲದ ಮೇಲೆ ಎಣ್ಣೆ ಕಲೆ, ತುಂಡು ತಂತಿ, ಹಕ್ಕಿ ಪುಕ್ಕ, ಬಿಸ್ಕತ್ತು ಕಾಗದ. ಮೂಲೆಯಲ್ಲಿ ಮೂಗು ಮುರಿದ ಹಳದಿ ವಿಮಾನ, ಮೇಲೆ ಬಟ್ಟೆ ಹೊದಿಸಿದೆ.

ಚಹಾ ಲೋಟ ಹಿಡಿದ ಹುಡುಗರು ಮೊದಲು ನಕ್ಕರು. ಆಮೇಲೆ ನಗಬೇಕೋ ಬೇಡವೋ ತಿಳಿಯದೆ ಸುಮ್ಮನಾದರು. ಮೊಂಡಿ ನನ್ನನ್ನು ನೋಡಿದ್ದೇ ಬೆನ್ನು ತಿರುಗಿಸಿ ಹೊರಗೆ ನಡೆದಳು.

ಕ್ಯಾಪ್ಟನ್ ಬಂದ.

"ಇದೇನ್ ಮೇಡಂ, ಪ್ರತಿಭಟನೇನಾ?"

"ಇಲ್ಲಪ್ಪ. ಕಸ."

"ಆ ಪೊರಕೆ ಗೋ-ಅರೌಂಡ್ ಹೊಡೆದೋರಿಗೆ."

"ಹೊಡೆದಿದ್ದೀನಿ ಅಂತಲೇ ಹಿಡಿದಿರೋದು. ಮೊನ್ನೆ ನಿಮ್ಮ ಆಫೀಸಿಗೆ ಬಂದು ಇಳಿದೆ. ವೇಗ ಹೆಚ್ಚಾಯಿತು, ಪುಟಿದೆ, ಮೂಗು ಒತ್ತಿದೆ, ಮನೆ ಮುರೀತು. ಅವತ್ತೇ ಎದ್ದು ಹೋಗಿ, ಒಂದು ಸುತ್ತು ಹಾಕಿ ಬರಬೇಕಿತ್ತು. ಈಗ ಬಂದಿದ್ದೀನಿ. ಸ್ವಲ್ಪ ಕಾಲೆತ್ತಿ, ಅಲ್ಲಿ ಕಾಗದ ಇದೆ."

ಕಾಲೆತ್ತಿದ! ಅಭ್ಯಾಸಬಲ ಇರಬೇಕು. ಅವನ ಮನೆಯಲ್ಲೂ ಯಾರೋ ಗುಡಿಸುವವರು ಇದ್ದಾರೆ.

ಮಾರ್ಚ್ ೩೦

ಸೊಂಟ ಹಿಡಿದುಕೊಂಡಿದೆ. ಆದರೂ ಹೋದೆ. ವಾರ ಎಂದರೆ ವಾರ.

ಕ್ಯಾಪ್ಟನ್ ದೂರದಿಂದಲೇ ಅಂದ, ಬಿದ್ದುಗಿದ್ದರೆ ಇನ್ಶೂರೆನ್ಸ್ ಇಲ್ಲ ಮೇಡಂ. ಬಿದ್ದರೆ ಅನುಭವದ ಕೊರತೆ ಅಂತ ಬರ್ಕೊಳ್ಳಿ, ನಿಮಗೆ ವಾಕ್ಯ ಬಾಯಿಪಾಠ ಇದೆಯಲ್ಲ ಎಂದೆ. ಹುಡುಗರು ಚಹಾ ಉಗುಳಿಕೊಂಡು ನಕ್ಕರು. ಈ ಸಲ ನಗು ನನ್ನ ಕಡೆಗಿತ್ತು. ಅವನೂ ನಕ್ಕ, ತಡವಾಗಿ. ಆಮೇಲೆ ನಗು ಮುಗಿದರೂ ಅಲ್ಲೇ ನಿಂತಿದ್ದ, ಬಟ್ಟೆ ಹೊದ್ದ ವಿಮಾನ ನೋಡುತ್ತ.

ಉದ್ದ ಮನೆಯಿಂದ ಇನ್ನೊಂದು ಪೊರಕೆ ತಂದಿದ್ದ. ಮಾತಾಡದೆ ಆ ಕಡೆಯಿಂದ ಶುರುಮಾಡಿದ. ಧೂಳೆಲ್ಲ ನನ್ನ ಕಡೆಗೇ ನೂಕುತ್ತಾನೆ. ಗುಡಿಸಲು ಬರುವುದಿಲ್ಲ, ಪಾಪ. ಇದನ್ನೂ ಯಾರೂ ಕಲಿಸಿಲ್ಲ.

ಏಪ್ರಿಲ್ ೨

ರಾತ್ರಿ ಊಟಕ್ಕೆ ಕೂತಾಗ ಮೊಂಡಿ ತಟ್ಟೆ ನೋಡುತ್ತ ಅಂದಳು:

"ರೆಕ್ಕೆ ಕೆಳಗೆ, ಮೂಲೇಲಿ ಸರಿಯಾಗಿ ಗುಡಿಸಿಲ್ಲ."

ಹದಿನೈದು ದಿನಕ್ಕಿಂತ ಹೆಚ್ಚಾಗಿತ್ತು ಅವಳ ದನಿ ಕೇಳಿ. ಇನ್ನೊಂದು ಸೌಟು ಸಾರು ಹಾಕಿದೆ.

"ಸಾಕು, ಸಾಕು ದೊಡ್ಡಮ್ಮಾ. ವಿಮಾನ ಮೇಲೇಳಲ್ಲ."

ಮೇಲೇಳಲಿ ಎಂದೆ, ಮನಸ್ಸಿನಲ್ಲಿ. ಬೇಕಾದಾಗ ಮೇಲೇಳಲಿ, ಅಷ್ಟೇ. 'ಹೋಗಲ್ಲ' ಅಂದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಂಡಿಲ್ಲ. ನಾನು ಕೇಳಿಲ್ಲ. ಕೇಳಿದರೆ ಮತ್ತೆ ಅದನ್ನೇ ಅಂದಾಳು, ಮೊಂಡಿ.

ಏಪ್ರಿಲ್ ೬, ಬೆಳಗ್ಗೆ ಏಳು

ಹ್ಯಾಂಗರಿನ ಹೊರಗಿನ ಬೆಂಚು. ನನ್ನ ವಾರ ಮುಗಿದಿದೆ, ಆದರೂ ಬಂದೆ. ಮೂಲೆ ಬಾಕಿ ಇತ್ತಲ್ಲ.

ಕ್ಯಾಪ್ಟನ್ ಮೊಂಡಿಯ ಜೊತೆ ಒಂದು ಸುತ್ತು ಹಾರಿ ಬಂದ. ಇಂಜಿನ್ ನಿಲ್ಲಿಸಲಿಲ್ಲ. ಬಾಗಿಲು ತೆರೆದು ಇಳಿದ, ಹೊರಗಿನಿಂದ ಮುಚ್ಚಿದ, ರೆಕ್ಕೆ ತಟ್ಟಿದ. ಸೋಲೋ ಇವತ್ತೇ! ಬೆಳಗ್ಗೆ ತಿಂಡಿಗೆ ಕೂತಾಗ ಒಂದು ಮಾತು ಹೇಳಲಿಲ್ಲ ಅವಳು. ಅವಳಿಗೂ ಗೊತ್ತಿರಲಿಲ್ಲವಂತೆ. ಮೊದಲೇ ಹೇಳಿದರೆ ನಿದ್ದೆಗೆಡುತ್ತಾರೆ ಎಂದು ಹೇಳುವುದಿಲ್ಲವಂತೆ — ಉದ್ದ ಹೇಳಿದ.

ಬಿಳಿ ವಿಮಾನ. ಹಳದಿಯದು ಇನ್ನೂ ಬಟ್ಟೆಯಡಿಯಲ್ಲೇ ಇದೆ.

ಏರಿತು. ಈ ದೂರಕ್ಕೆ ಅವಳ ತಲೆ ಬಟಾಣಿಯಷ್ಟು ಕಾಣುತ್ತದೆ. ಪಕ್ಕದ ಸೀಟು ಖಾಲಿ.

ಏಳೂ ಹತ್ತು

ಗಾಳಿ ಇರಲಿಲ್ಲ. ಈಗ ಕಂಬದ ತುದಿಯ ಗಾಳಿಚೀಲ ಅಲ್ಲಾಡುತ್ತಿದೆ. ಜೋತು ಬಿದ್ದಿದ್ದು ರನ್‌ವೇಗೆ ಅಡ್ಡಕ್ಕೆ ಏಳುತ್ತಿದೆ. ಅಡ್ಡಗಾಳಿಯಲ್ಲಿ ಇಳಿಸುವುದು ಕಷ್ಟವಂತೆ. ಕ್ಯಾಪ್ಟನ್ ಅದನ್ನು ನೋಡಿದ. ಕೈಯಲ್ಲಿ ವಾಕಿಟಾಕಿ ಇದೆ. ಮೇಲೆ ಹೋಗು ಎಂದು ನೀವೇ ಹೇಳಬಾರದೇ ಎಂದೆ. ಬೇಕಾದ್ರೆ ಹೇಳ್ತೀನಿ ಮೇಡಂ ಎಂದ. ಸ್ವರದಲ್ಲಿ ತಮಾಷೆ ಇರಲಿಲ್ಲ.

ತಿರುಗಿದಳು. ರನ್‌ವೇಗೆ ನೇರ ಬರುತ್ತಿದ್ದಾಳೆ. ಇಂಜಿನ್ನಿನ ಸದ್ದು ಇಳಿಯಿತು. ಹತ್ತಿರ ಬಂದಷ್ಟೂ ಸದ್ದು ಕಮ್ಮಿ. ಈ ನಿಶ್ಶಬ್ದದ ಮೇಲೆ ನಾನು ಯಾವತ್ತೂ ದೂರು ಬರೆದಿರಲಿಲ್ಲ

ಏಳೂಕಾಲು

ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ರೆಕ್ಕೆ ಒಂದು ಕಡೆ ವಾಲಿತು, ಸರಿಯಾಯಿತು. ಚಕ್ರ ಮುಟ್ಟಿತು — ಧಡ್. ಅದೇ ಸದ್ದು. ಪುಟಿಯಿತು, ಆಳೆತ್ತರಕ್ಕಿಂತ ಹೆಚ್ಚು. ಪಕ್ಕದಲ್ಲಿ ಉದ್ದ "ಒತ್ತಬೇಡ ಒತ್ತಬೇಡ ಒತ್ತಬೇಡ" ಎಂದು ಜಪ ಮಾಡಿದ ಹಾಗೆ. ಕ್ಯಾಪ್ಟನ್ ವಾಕಿಟಾಕಿ ಬಾಯಿಗೆತ್ತಿದ. ವಿಮಾನ ಗಾಳಿಯಲ್ಲಿ ಒಂದು ಕ್ಷಣ ತೂಗಿತು. ಏನು ಮಾಡಬೇಕೆಂದು ಅದಕ್ಕೂ ತಿಳಿಯದು ಎಂಬಂತೆ. ಮೂಗು ಸ್ವಲ್ಪ ಕೆಳಗೆ ಬಾಗಿದ್ದನ್ನು ನಾನು ಕಂಡೆ. ಕಂಡೆ.

ಆಮೇಲೆ — ಸದ್ದು.

ಪೂರಾ ಸದ್ದು. ಕ್ಯಾಪ್ಟನ್ನಿನ ಬೆರಳು ಗುಂಡಿ ಒತ್ತುವ ಮೊದಲೇ. ಹ್ಯಾಂಗರಿನ ತಗಡು ನಡುಗಿತು, ಬೆಂಚು ನಡುಗಿತು, ಈ ಸಲ ನಾನೂ. ನಮ್ಮ ತಲೆಯ ಮೇಲೇ ಹಾದು ಮೇಲೆ ಹೋದಳು. ಯಾವ ಸದ್ದಿನ ಮೇಲೆ ಕೂದಲು ನರೆಯುವಷ್ಟು ದೂರು ಬರೆದೆನೋ, ಅದೇ.

ಡೊಂಕು ನೆಲದ ಕೋರಸ್ ಇಲ್ಲ. ಕ್ಯಾಪ್ಟನ್ ವಾಕಿಟಾಕಿ ಇಳಿಸಿ ಕುತ್ತಿಗೆ ಒರೆಸಿಕೊಂಡ. ನನ್ನ ಮಡಿಲಲ್ಲಿದ್ದ ಪೊರಕೆ ನೋಡಿದ. ಕೊಡಿ ಎಂದು ಕೈ ಚಾಚಿದ. ಕೊಡಲಿಲ್ಲ. ಅವನು ಒತ್ತಾಯಿಸಲಿಲ್ಲ, ಬಗ್ಗಿ ಕೆಂಪು ರಿಬ್ಬನ್ನಿನ ಗಂಟು ಬಿಚ್ಚಿ, ಮಡಿಸಿ, ಜೇಬಿಗೆ ಹಾಕಿಕೊಂಡ. ಈಗದು ಬರೀ ಪೊರಕೆ.

ಸುತ್ತು ಮುಗಿಯುತ್ತ ಬಂತು. ಗಾಳಿಚೀಲ ಇನ್ನೂ ಅಡ್ಡಕ್ಕೇ ಇದೆ. ತಿರುಗಿದಳು. ಬೇಕಾದರೆ ಮತ್ತೆ ಹೋಗುತ್ತಾಳೆ. ಬೇಕಾದಷ್ಟು ಸಲ ಹೋಗಲಿ. ಎಣ್ಣೆ ಇದೆ, ಬೆಳಕಿದೆ, ನಾನೂ ಇದ್ದೇನೆ. ಸದ್ದು ಇಳಿಯುತ್ತಿದೆ. ಉದ್ದ ನನ್ನ ತೋಳು ಹಿಡಿದು ಏಳಿಸುತ್ತಿದ್ದಾನೆ, ಆಂಟಿ ಬರೆದದ್ದು ಸಾಕು, ನೋಡಿ, ನೋಡಿ ಎ